ಕಿವಿಗೊಟ್ಟು ಮಾಡುವ ರಿಪೇರಿ

ಕೇಳುಗರಿಗೆಲ್ಲ ನಮಸ್ಕಾರ.

ಟಿಕ್ ಟಿಕ್ ಟಿಕ್ ಟಿಕ್... ಟಿಕ್... ಟಿಕ್. ಆಮೇಲೆ ಸದ್ದಿಲ್ಲ.

ಗೋಡೆ ಗಡಿಯಾರ ಅಂದುಕೊಂಡಿರಾ? ಅಲ್ಲ. ಇದು ನನ್ನ ಹಳೇ ಕಾರಿನ ಪೆಟ್ರೋಲ್ ಪಂಪು. ಕೀಲಿ ತಿರುಗಿಸಿದ ತಕ್ಷಣ ಹಿಂದಿನ ಬಲ ಚಕ್ರದ ಕಡೆಯಿಂದ ಹೀಗೆ ಬಡಿದುಕೊಳ್ಳುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಬಟ್ಟಲು ತುಂಬಿದ ಮೇಲೆ ಸುಮ್ಮನಾಗುತ್ತದೆ. ನಿಲ್ಲದೆ ಬಡಿಯುತ್ತಲೇ ಇದ್ದರೆ ಟ್ಯಾಂಕು ಖಾಲಿ, ಇಲ್ಲವೇ ಎಲ್ಲೋ ಸೋರುತ್ತಿದೆ. ಬಡಿಯಲೇ ಇಲ್ಲ ಅಂದರೆ ಪಂಪಿನೊಳಗೆ ಕರೆಂಟು ಕೊಟ್ಟು ತಪ್ಪಿಸುವ ಪಾಯಿಂಟುಗಳು ಸುಟ್ಟು ಕಪ್ಪಾಗಿರಬಹುದು. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ಎಷ್ಟೋ ಸಲ ಮನೆ ಸೇರುವಷ್ಟು ದೂರ ಓಡುತ್ತದೆ. ಬಾನೆಟ್ ಎತ್ತುವ ಮೊದಲೇ ಇಷ್ಟೊಂದು ಸಮಾಚಾರ ಸಿಕ್ಕಿತು, ಅಲ್ವಾ? ಚಿತ್ರವೇ ಇಲ್ಲದ ರೇಡಿಯೋದಲ್ಲಿ ಕಾರು ರಿಪೇರಿ ಬಗ್ಗೆ ಏನು ಹೇಳ್ತೀಯ ಅಂತ ಮನೆಯಲ್ಲಿ ಕೇಳಿದರು. ಈ ಕಾರನ್ನು ಅರ್ಧ ನೋಡಿ, ಅರ್ಧ ಕೇಳಿ ರಿಪೇರಿ ಮಾಡಬೇಕು ಅಂತ ಹೇಳಿ ಬಂದಿದ್ದೇನೆ.

ಕಾರು 1969ರ ಎಂಜಿಬಿ. ಎರಡು ಸೀಟು, ಬಟ್ಟೆಯ ಚಾವಣಿ, ತಂತಿ ಕಡ್ಡಿಯ ಚಕ್ರ, ಕ್ರೋಮ್ ಬಂಪರ್. ಎಂಜಿ ಅಂದ ಕೂಡಲೇ ಈಗಿನ ಹುಡುಗರಿಗೆ ಹೆಕ್ಟರ್ ನೆನಪಾಗುತ್ತದೆ. ಹೆಸರು ಅದೇ, ಬಿಲ್ಲೆ ಅದೇ, ಉಳಿದದ್ದು ಯಾವುದೂ ಅದಲ್ಲ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿಯಿಂದ ಶುರು ಮಾಡಿದ ವಿಲಿಯಂ ಮಾರಿಸ್ ಅವರ ಗ್ಯಾರೇಜು. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಆಬಿಂಗ್‌ಡನ್ ಎಂಬ ಊರು. 1929ರಿಂದ 1980ರವರೆಗೆ ಎಂಜಿ ಕಾರ್ಖಾನೆ ಅಲ್ಲಿತ್ತು. ಎಂಜಿಬಿ ಹೊರಬಂದದ್ದು 1962ರಲ್ಲಿ. ಕಾರ್ಖಾನೆ ಬಾಗಿಲು ಹಾಕುವವರೆಗೂ ಅದನ್ನು ಮಾಡುತ್ತಲೇ ಇದ್ದರು. 5 ಲಕ್ಷಕ್ಕೂ ಹೆಚ್ಚು ಕಾರು ಬಂದವು. ಮನೆಯಲ್ಲಿ ರಿಪೇರಿ ಮಾಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಇಲ್ಲ, ಯಾಕೆಂದರೆ ಇವತ್ತಿಗೂ ಇದರ ಚಿಕ್ಕ ಬೋಲ್ಟಿನಿಂದ ಹಿಡಿದು ಎಲ್ಲವೂ ಸಿಗುತ್ತದೆ. ವಿಟ್ನಿ ಊರಿನ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹಳೇ ಅಚ್ಚುಗಳನ್ನೇ ಇಟ್ಟುಕೊಂಡು 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಕೊಡುತ್ತಿದ್ದಾರೆ!

ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದ ನಾನು ಈ ಕಾರಿಗೆ ಬಿದ್ದದ್ದು ಅದರ ಚಂದ ನೋಡಿ ಅಲ್ಲ. ಒಂದು ಭಾನುವಾರ ಬೀದಿಯಲ್ಲಿ ಯಾರೋ ಎಂಜಿನ್ ಶುರು ಮಾಡಿದರು. ಆ ಕಟಕಟ ಸದ್ದು ಕೇಳಿ ನಿಂತುಬಿಟ್ಟೆ. ಅದು ನಮ್ಮ ಮಾವನ ಟ್ಯಾಕ್ಸಿ! ಶಿವಮೊಗ್ಗದಲ್ಲಿ ಮಾವ ಓಡಿಸುತ್ತಿದ್ದ ಅಂಬಾಸಡರ್ ಕಾರಿನ ಸದ್ದು. ಆಮೇಲೆ ಓದಿ ತಿಳಿದುಕೊಂಡೆ. ನನ್ನ ಕಿವಿ ತಪ್ಪಿರಲಿಲ್ಲ. ಅಂಬಾಸಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರು. ಅದಕ್ಕೆ ಬಹಳ ಕಾಲ ಇದ್ದದ್ದು 1489 ಸಿಸಿಯ ಬಿ-ಸೀರೀಸ್ ಎಂಜಿನ್. ಎಂಜಿಬಿಗೆ ಇರುವುದೂ ಅದೇ ಬಿ-ಸೀರೀಸ್, ಆದರೆ 1798 ಸಿಸಿ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಎರಡರಲ್ಲೂ 88.9 ಮಿಲಿಮೀಟರ್. ಸಿಲಿಂಡರಿನ ಅಗಲ ಮಾತ್ರ 73ರಿಂದ 80 ಮಿಲಿಮೀಟರಿಗೆ ಏರಿದೆ. ಒಂದು ಟೋಪಿ ಹಾಕಿಕೊಂಡು ಹಳ್ಳಿ ದಾರಿಯಲ್ಲಿ ಹಾರುವ ಸಾಹೇಬರ ಕಾರು, ಇನ್ನೊಂದು ಎಂಟು ಜನ ತುಂಬಿಕೊಂಡು ಸಾಗರಕ್ಕೆ ಹೋಗುವ ಟ್ಯಾಕ್ಸಿ. ಆದರೂ ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು.

ಕೊಳ್ಳುವಾಗ ಮಾತ್ರ ನನ್ನ ಕಿವಿ ಎಂಜಿನ್ನಿನ ಮೇಲೇ ಇತ್ತು. ಅದೇ ತಪ್ಪಾಯಿತು. ಈ ಕಾರನ್ನು ತಿನ್ನುವುದು ತುಕ್ಕು. ಚಳಿಗಾಲದಲ್ಲಿ ಮಂಜು ಕರಗಲಿ ಅಂತ ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ಹೋಗಿ ಕೂತುಕೊಳ್ಳುತ್ತದೆ. ಅದನ್ನು ಸಿಲ್ ಅನ್ನುತ್ತಾರೆ, ನಮ್ಮ ಮನೆಯ ಹೊಸ್ತಿಲು ಇದ್ದ ಹಾಗೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೇಲೆ ತಗಡಿನ ಚಾವಣಿಯೂ ಇಲ್ಲ. ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಹಿಡಿದಿಟ್ಟಿರುವುದು ಈ ಹೊಸ್ತಿಲೇ. ಅದು ಕೊಳೆತರೆ ಕಾರು ನಡುವೆ ಜೋತು ಬೀಳುತ್ತದೆ. ಬಾಗಿಲು ಹಾಕಲು ಹೋದರೆ ಹಿಡಿಯುತ್ತದೆ.

ಹಲಸಿನ ಹಣ್ಣನ್ನು ಹೇಗೆ ತಟ್ಟಿ ನೋಡುತ್ತೀರೋ ಹಾಗೆ ಈ ಸಿಲ್ಲನ್ನೂ ತಟ್ಟಿ ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಉಕ್ಕು. ಥಪ್ ಅಂದರೆ ಒಳಗೆ ತುಕ್ಕು, ಮೇಲೆ ಮೆತ್ತಿದ ಪುಟ್ಟಿ. ಅನುಮಾನ ಇದ್ದರೆ ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ ಹಿಡಿಯಿರಿ, ಪುಟ್ಟಿ ದಪ್ಪಗಿರುವ ಕಡೆ ಅಂಟುವುದಿಲ್ಲ. ನಾನು ಇದನ್ನೆಲ್ಲ ಮಾಡಿದ್ದು ದುಡ್ಡು ಕೊಟ್ಟು ಮನೆಗೆ ತಂದ ಮೇಲೆ. ಎಡಗಡೆಯೆಲ್ಲ ಥಪ್ ಥಪ್. ವೆಲ್ಡಿಂಗ್ ನನಗೆ ಬರುವುದಿಲ್ಲ, ಬಲ್ಲವರ ಕೈಗೆ ಕೊಟ್ಟೆ. ಅವರು ಮೊದಲು ಮಾಡಿದ ಕೆಲಸ ನೋಡಿ ಗೌರವ ಬಂತು. ಗ್ರೈಂಡರ್ ಮುಟ್ಟುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಬಿಗಿದು, ಬಾಗಿಲ ಸಂದನ್ನು ಮೇಲೆ ಕೆಳಗೆ ಅಳೆದು ಬರೆದುಕೊಂಡರು. ಹಾಗೆ ಮಾಡದೆ ಸಿಲ್ ಕತ್ತರಿಸಿದರೆ ಕಾರು ಬಾಳೆಹಣ್ಣಿನ ಹಾಗೆ ಬಾಗಿ ನಿಲ್ಲುತ್ತದೆ, ಆಮೇಲೆ ಆ ಬಾಗಿಲು ಈ ಜನ್ಮದಲ್ಲಿ ಕೂರುವುದಿಲ್ಲ.

ಇನ್ನು ನನ್ನ ಕೈಲಾಗುವ ಕೆಲಸಗಳು. ಎಲ್ಲಕ್ಕಿಂತ ನನಗೆ ಇಷ್ಟ ಟ್ಯಾಪೆಟ್ ಸೆಟ್ ಮಾಡುವುದು, ಅಂದರೆ ಎಂಜಿನ್ನಿನ ವಾಲ್ವುಗಳ ಸಂದು ಸರಿ ಮಾಡುವುದು. ಎರಡು ನಟ್ ಬಿಚ್ಚಿದರೆ ಎಂಜಿನ್ನಿನ ಮೇಲಿನ ಮುಚ್ಚಳ ಬರುತ್ತದೆ. ಒಳಗೆ ಸಾಲಾಗಿ ವಾಲ್ವುಗಳನ್ನು ಒತ್ತಿ ತೆರೆಯುವ ಎಂಟು ರಾಕರ್‌ಗಳು, ಎಣ್ಣೆ ಹಚ್ಚಿಕೊಂಡ ಎಂಟು ಮಕ್ಕಳು ಪಂಕ್ತಿಗೆ ಕೂತ ಹಾಗೆ. ರಾಕರಿಗೂ ವಾಲ್ವಿನ ತುದಿಗೂ ನಡುವೆ ಇಂಚಿನ ಸಾವಿರದಲ್ಲಿ 15 ಭಾಗ ಸಂದು ಇರಬೇಕು. ಅಂದರೆ 0.38 ಮಿಲಿಮೀಟರ್. ಎಂಜಿನ್ ತಣ್ಣಗಿರಬೇಕು.

ಯಾವ ವಾಲ್ವನ್ನು ಯಾವಾಗ ಅಳೆಯುವುದು? ಅದಕ್ಕೊಂದು ಸೊಗಸಾದ ಲೆಕ್ಕ ಇದೆ, ಒಂಬತ್ತರ ಲೆಕ್ಕ. ಮುಂದಿನಿಂದ ಹಿಂದಕ್ಕೆ ಒಂದರಿಂದ ಎಂಟು ಅಂತ ಎಣಿಸಿಕೊಳ್ಳಿ. ಎಂಟನೆಯದು ಪೂರ್ತಿ ಕೆಳಗೆ ಒತ್ತಿಕೊಂಡಿದ್ದಾಗ ಒಂದನೆಯದನ್ನು ಅಳೆಯಿರಿ. ಆರನೆಯದು ಒತ್ತಿದ್ದಾಗ ಮೂರನೆಯದು. ಎರಡೂ ಕೂಡಿದರೆ ಒಂಬತ್ತು ಬರಬೇಕು, ಅಷ್ಟೇ. ಪ್ಲಗ್ಗುಗಳನ್ನು ಬಿಚ್ಚಿಟ್ಟು, ಟಾಪ್ ಗೇರಿಗೆ ಹಾಕಿ ಕಾರನ್ನು ಒಂದೊಂದು ಗೇಣು ತಳ್ಳಿದರೆ ಎಂಜಿನ್ ತಿರುಗುತ್ತದೆ. ತಳ್ಳಲು ಮಗಳನ್ನು ಕರೆಯುತ್ತೇನೆ. ಐದನೇ ವಾಲ್ವಿನ ಹೊತ್ತಿಗೆ ಅವಳಿಗೆ ಹೋಂವರ್ಕ್ ನೆನಪಾಗುತ್ತದೆ.

ಸಂದು ಅಳೆಯಲು ಫೀಲರ್ ಗೇಜ್ ಅಂತ ಬರುತ್ತದೆ, ಅದರ ತೆಳು ತಗಡನ್ನು ಸಂದಿನಲ್ಲಿ ತೂರಿಸಿ ಎಳೆಯಿರಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂದರೆ ಸಂದು ಜಾಸ್ತಿ. ಜಗ್ಗಾಡಿ ಎಳೆಯಬೇಕಾದರೆ ಕಮ್ಮಿ. ಹಳೇ ಪುಸ್ತಕದ ಎರಡು ಹಾಳೆಯ ನಡುವಿನಿಂದ ನವಿಲುಗರಿ ಎಳೆದಷ್ಟು ಹಿಡಿತ ಇರಬೇಕು. ಸ್ಕ್ರೂ ಸರಿ ಮಾಡಿ ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಾನೂ ಒಂದು ಕೂದಲೆಳೆ ತಿರುಗಿಬಿಡುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೆ ಅಳೆಯಿರಿ. ಸದ್ದು ಪೂರ್ತಿ ಹೋಗಲಿ ಅಂತ ಆಸೆಪಡಬೇಡಿ. ಮಾವ ಹೇಳುತ್ತಿದ್ದರು, ಟ್ಯಾಪೆಟ್ ಮಾತಾಡುತ್ತಿರಬೇಕು ಕಣೋ, ಬಾಯಿ ಮುಚ್ಚಿಕೊಂಡರೆ ವಾಲ್ವ್ ಸುಡುತ್ತೆ ಅಂತ. ನಿಜ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೆಂಕಿಯ ಗಾಳಿ ನುಗ್ಗಿ ಅಂಚು ಸುಡುತ್ತದೆ.

ಕಾರ್ಬ್ಯುರೇಟರ್ ಎರಡಿವೆ, ಎಸ್‌ಯು ಕಂಪನಿಯವು. ಎರಡೂ ಸಮವಾಗಿ ಗಾಳಿ ಎಳೆಯಬೇಕು. ಇದಕ್ಕೆ ದುಬಾರಿ ಮೀಟರುಗಳು ಬರುತ್ತವೆ. ನನ್ನ ಹತ್ತಿರ ಇರುವುದು ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೊಳದ ತುಂಡು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ. ಸ್ಸ್ಸ್ ಅಂತ ಕೇಳಿಸುತ್ತದೆ. ಪಕ್ಕದ್ದಕ್ಕೆ ಹಿಡಿಯಿರಿ. ಸ್ಸ್ಸ್ ಕೊಂಚ ಮೇಲಿನ ಶ್ರುತಿಯಲ್ಲಿದ್ದರೆ ಸ್ಕ್ರೂ ತಿರುಗಿಸಿ ಕೆಳಗಿಳಿಸಿ. ತಂಬೂರಿ ಶ್ರುತಿ ಮಾಡಿದ ಹಾಗೇ. ಆಮೇಲೆ ಮಿಶ್ರಣ. ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಿ ಎಂಜಿನ್ ಕೇಳಿ. ಒಂದು ಕ್ಷಣ ಚುರುಕಾಗಿ ಮತ್ತೆ ಮೊದಲಿನಂತಾದರೆ ಸರಿ ಇದೆ. ಚುರುಕಾಗಿಯೇ ಉಳಿದರೆ ಪೆಟ್ರೋಲ್ ಜಾಸ್ತಿ. ಉಸಿರು ಕಟ್ಟಿದರೆ ಕಮ್ಮಿ. ಮೇಲಿನ ಡಬ್ಬಿಯಲ್ಲಿ ಎಣ್ಣೆ ಇದೆಯೋ ನೋಡುವುದನ್ನು ಮಾತ್ರ ಮರೆಯಬೇಡಿ. ಅದು ಒಣಗಿದರೆ ಆಕ್ಸಿಲರೇಟರ್ ತುಳಿದಾಗ ಕಾರು ಹಿಂದೇಟು ಹಾಕುತ್ತದೆ, ನೀವು ಕಾರಣ ಹುಡುಕಿಕೊಂಡು ಊರೆಲ್ಲ ಸುತ್ತುತ್ತೀರಿ.

ವೈರಿಂಗ್ ವಿಷಯಕ್ಕೆ ಬಂದರೆ ಇಂಗ್ಲೆಂಡಿನಲ್ಲಿ ಒಂದು ಹಳೇ ತಮಾಷೆ ಇದೆ. ಈ ಕಾರುಗಳ ವಿದ್ಯುತ್ ಸಾಮಾನು ಮಾಡಿದ ಲ್ಯೂಕಸ್ ಕಂಪನಿಯವರನ್ನು ಕತ್ತಲೆಯ ರಾಜಕುಮಾರ ಅಂತ ಕರೆಯುತ್ತಾರೆ. ನನಗೆ ಈ ತಮಾಷೆ ಅನ್ಯಾಯ ಅನ್ನಿಸುತ್ತದೆ. ಐವತ್ತು ವರ್ಷ ನೀರು, ಉಪ್ಪು ಕುಡಿದ ತಾಮ್ರದ ತಂತಿ ಇನ್ನೇನು ಮಾಡಬೇಕು? ನಿಜ ಹೇಳಬೇಕೆಂದರೆ ಅವರ ಬಣ್ಣದ ಲೆಕ್ಕ ನನ್ನನ್ನು ಎಷ್ಟೋ ಸಲ ಕಾಪಾಡಿದೆ. ಕಂದು ತಂತಿಯಲ್ಲಿ ಯಾವಾಗಲೂ ಕರೆಂಟು. ಬಿಳಿಗೆ ಕೀಲಿ ತಿರುಗಿಸಿದ ಮೇಲೆ. ಹಸಿರಿಗೆ ಫ್ಯೂಸ್ ದಾಟಿ ಬಂದದ್ದು. ಕಪ್ಪು ಅಂದರೆ ಅರ್ತ್, ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ಕಡೆ. ಮತ್ತೆ ನನ್ನ ಅನುಭವದಲ್ಲಿ ತೊಂದರೆ ಬಹಳ ಸಲ ಕಪ್ಪಿನ ಕಡೆಯೇ.

ಒಂದು ಜನವರಿ ಬೆಳಿಗ್ಗೆ ಕೀಲಿ ತಿರುಗಿಸಿದೆ. ಉಂಯ್... ಉಂಯ್... ಅಂತ ಸ್ಟಾರ್ಟರ್ ನರಳಿತು. ಬ್ಯಾಟರಿ ಹಳೆಯದು ಅಂದುಕೊಂಡೆ. ಸೀಟಿನ ಹಿಂದೆ ಮುಚ್ಚಳದ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ, ಎರಡನ್ನೂ ಬದಲಾಯಿಸಿದೆ. ಮತ್ತೂ ಉಂಯ್. ಒಂದು ಗ್ಯಾರೇಜಿನಲ್ಲಿ ಕೇಳಿದರೆ ಸ್ಟಾರ್ಟರ್ ಹೋಗಿದೆ, ಹೊಸದು ಹಾಕಿಸಿ ಅಂದರು. ಹಾಕಿಸಿದೆ. ಮತ್ತೂ ಅದೇ! ಮಾರನೇ ದಿನ ಇನ್ನೊಮ್ಮೆ ಪ್ರಯತ್ನಿಸುತ್ತಾ ಚಳಿಯಲ್ಲಿ ಎಂಜಿನ್ ಶುರು ಮಾಡಲು ಎಳೆಯುವ ಚೋಕಿನ ಗುಂಡಿಗೆ ಕೈ ಹಾಕಿದರೆ ಚುರ್ ಅಂತು. ಕೊರೆಯುವ ಚಳಿಯಲ್ಲಿ ಚೋಕ್ ಯಾಕೆ ಬಿಸಿ?

ಅಲ್ಲಿಗೆ ಎಲ್ಲ ಅರ್ಥವಾಯಿತು. ಬ್ಯಾಟರಿಯ ಅರ್ತ್ ಇರುವುದು ಬಾಡಿಗೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಎರಡರ ನಡುವೆ ಹೆಣೆದ ತಂತಿಯ ಒಂದು ಪಟ್ಟಿ ಇದೆ, ಕರೆಂಟು ವಾಪಸ್ ಹೋಗುವ ದಾರಿ ಅದು. ಅದು ತುಕ್ಕು ತಿಂದು ಎರಡು ಮೂರು ಎಳೆಯಲ್ಲಿ ನೇತಾಡುತ್ತಿತ್ತು. ಸ್ಟಾರ್ಟರಿನ ಅಷ್ಟೂ ಕರೆಂಟು ಬೇರೆ ದಾರಿ ಹುಡುಕಿ, ಚೋಕಿನ ಬಡಪಾಯಿ ತಂತಿಯ ಮೂಲಕ ಹೋಗುತ್ತಿತ್ತು. ಹೊಸ ಪಟ್ಟಿಗೆ ಎರಡು ಮಸಾಲೆ ದೋಸೆಯಷ್ಟು ದುಡ್ಡು. ಬಣ್ಣ ಉಜ್ಜಿ ಬರಿ ಲೋಹ ಕಾಣುವಂತೆ ಮಾಡಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದೆ. ಬಿಚ್ಚಿದ ಹಳೇ ಸ್ಟಾರ್ಟರ್ ಇನ್ನೂ ಅಟ್ಟದ ಮೇಲಿದೆ. ಅದಕ್ಕೆ ಏನೂ ಆಗಿಲ್ಲ.

ಸ್ಪ್ಯಾನರುಗಳ ಬಗ್ಗೆ ಒಂದು ಮಾತು. ಈ ಕಾರಿನದ್ದು ಇಂಚಿನ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಹದಿಮೂರರ ಸ್ಪ್ಯಾನರ್ ಕೂರುತ್ತದೆ, ಕೂತ ಹಾಗೆ ಕಾಣುತ್ತದೆ. ಗಟ್ಟಿ ನಟ್ಟಿನ ಮೇಲೆ ಜೋರು ಹಾಕಿದರೆ ಮೂಲೆಗಳು ಉರುಟಾಗಿ ನಿಮ್ಮ ಬೆರಳ ಗೆಣ್ಣು ರೇಡಿಯೇಟರಿಗೆ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದೂ ಹೋಗಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಮುಂದಿನ ಚಕ್ರಗಳು ತಿರುಗುವ ಕೀಲುಗಳಾದ ಕಿಂಗ್‌ಪಿನ್ನುಗಳಿಗೆ ಒಂದೊಂದು ಕಡೆ ಗ್ರೀಸ್ ತುಂಬುವ ಮೂರು ನಿಪ್ಪಲ್ಲು, 3,000 ಮೈಲಿಗೊಮ್ಮೆ ತುಂಬಬೇಕು. ಎಂಜಿನ್ ಎಣ್ಣೆ 20ಡಬ್ಲ್ಯು-50 ದರ್ಜೆಯದು. ಪೆಟ್ರೋಲಿನ ವಿಷಯ ಕಿವಿಗೆ ಸಿಗುವುದಿಲ್ಲ, ಮೂಗಿಗೆ ಸಿಗುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥನಾಲ್ ಇದೆ. ಅದು ಹಳೇ ರಬ್ಬರ್ ಪೈಪನ್ನು ಒಳಗಿನಿಂದ ಹಾಳು ಮಾಡುತ್ತದೆ. ನಮ್ಮಲ್ಲಿ ಈಗ 20 ಆಗಿದೆ. ಮನೆಯಲ್ಲಿ ಹಳೇ ಜಾವಾನೋ ಅಂಬಾಸಡರೋ ಇಟ್ಟುಕೊಂಡವರು ಪೈಪುಗಳನ್ನು ಒಮ್ಮೆ ಬಗ್ಗಿಸಿ, ಬಿರುಕು ಬಿಟ್ಟಿವೆಯೋ ನೋಡಿ.

ಮೊನ್ನೆ ಊರಿಗೆ ಹೊರಡುವ ಹಿಂದಿನ ದಿನ ಕಾರನ್ನು ಹಿಂದಕ್ಕೆ ತೆಗೆದು ಶೆಡ್ಡಿಗೆ ಹಾಕುತ್ತಿದ್ದೆ. ಹಿಂದಿನಿಂದ ಟಕ್ ಅಂತು. ಮುಂದಕ್ಕೆ ತಂದೆ, ಮತ್ತೆ ಟಕ್. ತಂತಿ ಚಕ್ರದ ಒಳಗಿನ ಹಲ್ಲು ಸವೆದಿರಬಹುದು. ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಇರಬಹುದು. ಡಿಫರೆನ್ಷಿಯಲ್ ಒಳಗಿನ ತೆಳು ವಾಷರ್ ಆಗಿದ್ದರೆ ಕೆಲಸ ಜಾಸ್ತಿ. ಮಾವನಿಗೆ ಈಗ ಎಂಬತ್ತು ದಾಟಿದೆ. ನಿನ್ನೆ ಅವರ ಮುಂದೆ ಬಾಯಿಂದಲೇ ಆ ಸದ್ದು ಮಾಡಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಇನ್ನೊಂದು ಸಲ ಮಾಡು ಅಂದರು. ಮಾಡಿದೆ. ಚಕ್ರ ಮೊದಲು ಬಿಚ್ಚಿ ನೋಡು ಅಂದರು.

ನಮಸ್ಕಾರ.