ಅಕ್ಕಡಿ ಸಾಲಿನ ಜೇಡಗಳು

ಬೆಳಿಗ್ಗೆ ಆರೂವರೆ. ಚಳ್ಳಕೆರೆ ಹತ್ತಿರ, ನಮ್ಮ ದೊಡ್ಡಪ್ಪನ ಶೇಂಗಾ ಹೊಲ. ಇಬ್ಬನಿ ಚೆನ್ನಾಗಿ ಬಿದ್ದಿದೆ. ಜೇಡರ ಬಲೆ ಕಣ್ಣಿಗೆ ಬೀಳೋದೇ ಈ ಹೊತ್ತಲ್ಲಿ. ಬಿಸಿಲೇರಿದರೆ ಹುಡುಕೋದು ಕಷ್ಟ.

ಇಲ್ಲಿ ನೋಡಿ. ತೊಗರಿ ಗಿಡಕ್ಕೂ ಪಕ್ಕದ ಹರಳು ಗಿಡಕ್ಕೂ ಸೇರಿಸಿ ಒಂದು ದೊಡ್ಡ ಬಲೆ. ನಡುವೆ ಜೇಡ ತಲೆ ಕೆಳಗೆ ಮಾಡಿ ಕೂತಿದೆ. ಎಂಟು ಕಾಲನ್ನೂ ಎರಡೆರಡಾಗಿ ಜೋಡಿಸಿ ಇಟ್ಟಿದೆ, ನಾಲ್ಕೇ ಕಾಲು ಇರೋ ಹಾಗೆ ಕಾಣುತ್ತದೆ. ಕಾಲಿನ ತುದಿಯಲ್ಲಿ ಬಿಳಿ ನೂಲಿನ ಅಂಕುಡೊಂಕು ಗೆರೆ, ಯಾರೋ ರುಜು ಹಾಕಿದಂತೆ. ಅದಕ್ಕೇ ಇದನ್ನು ಸಿಗ್ನೇಚರ್ ಸ್ಪೈಡರ್ ಅನ್ನುತ್ತಾರೆ. ಬೆರಳು ಹತ್ತಿರ ತಂದೆ, ಬಲೆಯನ್ನೇ ಜೋರಾಗಿ ಅಲ್ಲಾಡಿಸಿತು!

ಇಷ್ಟು ದೊಡ್ಡ ಬಲೆಗೆ ಎತ್ತರದ ಆಸರೆ ಬೇಕು. ಬರೀ ಶೇಂಗಾ ಇದ್ದರೆ ಎಲ್ಲಿ ಕಟ್ಟುತ್ತದೆ? ಶೇಂಗಾ ಮೊಣಕಾಲು ಮುಟ್ಟೋದೇ ಹೆಚ್ಚು. ಅಕ್ಕಡಿ ಸಾಲಲ್ಲಿ, ಅಂದರೆ ಶೇಂಗಾ ನಡುವೆ ಬೇರೆ ಬೆಳೆಗೆ ಬಿಡೋ ಸಾಲಲ್ಲಿ, ತೊಗರಿ, ಹರಳು ಹಾಕಿದ್ದಕ್ಕೆ ಇದು ಇಲ್ಲಿದೆ. ನಾವು ಹೊಲದಲ್ಲಿ ಎಷ್ಟು ಬಗೆಯ ಗಿಡ ಇದೆ ಅಂತ ಎಣಿಸುತ್ತೇವೆ. ಜೇಡಕ್ಕೆ ಬೇಕಾಗಿರೋದು ಆ ಗಿಡದ ಎತ್ತರ, ಕೊಂಬೆ, ಎಲೆ ಹರಡಿದ ರೀತಿ. ಆಮೇಲೆ ಅಲ್ಲಿಗೆ ಬರೋ ಹುಳು.

ಎಲ್ಲ ಜೇಡವೂ ಬಲೆ ಕಟ್ಟೋದಿಲ್ಲ. ಶೇಂಗಾ ಬುಡದಲ್ಲಿ ಉದುರಿದ ಎಲೆ ಸರಿಸಿದೆ, ತೋಳ ಜೇಡ ಓಡಿತು. ಹಿಂದುಗಡೆ ಮೊಟ್ಟೆ ಚೀಲ ಅಂಟಿಸಿಕೊಂಡೇ ಓಡಾಡುತ್ತದೆ. ಮರಿ ಹೊರಬಂದ ಮೇಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ನೆಲ ಬೋಳಾದರೆ ಇದಕ್ಕೆ ಅಡಗೋಕೆ ಜಾಗವಿಲ್ಲ.

ಬದುವಿನ ತುಂಬೆ ಗಿಡದ ಹತ್ತಿರ ಸುಮ್ನೆ ಕೂತು ನೋಡಿದೆ. ಬಿಳಿ ಹೂವಿನ ಮೇಲೆ ಬಿಳಿ ಏಡಿ ಜೇಡ, ಮುಂಗಾಲು ಅಗಲಿಸಿಕೊಂಡು ಕಾಯುತ್ತಿತ್ತು. ಒಂದು ನೊಣ ಬಂದು ಕೂತಿತು. ಅಷ್ಟೇ.

ಜಿಗಿಹುಳು, ಪತಂಗ ಎಲ್ಲ ಇವಕ್ಕೆ ಊಟ. ಜೇನ್ನೊಣ ಸಿಕ್ಕರೂ ಬಿಡೋದಿಲ್ಲ, ಅದೂ ನಿಜ. ಆದರೂ ಜೇಡ ಜಾಸ್ತಿ ಇದ್ದಷ್ಟೂ ನನಗೆ ಧೈರ್ಯ. ಔಷಧಿ ಹೊಡೆದಾಗ ಹುಳುವಿನ ಜೊತೆ ಜೇಡವೂ ಸಾಯುತ್ತದೆ. ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಮತ್ತೆ ಬರುತ್ತವೆ. ಆದರೆ ಸುತ್ತಲಿನ ಬದುಗಳನ್ನೂ ಬೋಳಿಸಿಬಿಟ್ಟರೆ ಎಲ್ಲಿಂದ ಬರಬೇಕು, ಅಲ್ವಾ?

ನಾಳೆ ಬದುವಿನ ಹುಲ್ಲು ಕೊಯ್ಯೋಕೆ ಆಳು ಬರುತ್ತಾರೆ. "ಈ ಕಡೆ ಒಂದಿಷ್ಟು ಬಿಟ್ಟುಬಿಡೋಣ ದೊಡ್ಡಪ್ಪ" ಅಂದೆ. "ತುಂಬೆ ಇರೋ ಕಡೆ ಬಿಡಪ್ಪ, ಎಮ್ಮೆಗೆ ಆ ಕಡೇದು ಸಾಕು" ಅಂದರು. ಎರಡು ಕಲ್ಲು ಇಟ್ಟು ಗುರುತು ಮಾಡಿ ಬಂದಿದ್ದೇನೆ.