ಅಪ್ಪನ ಹಾರನ್, ನನ್ನ 16 ಮಾತ್ರೆ

ರಾತ್ರಿ ಒಂದೂವರೆ ಗಂಟೆ. ಫ್ಯಾನ್ ಆಫ್ ಮಾಡಿದೀನಿ, ಫ್ರಿಜ್ ಪ್ಲಗ್ ಕಿತ್ತಿದೀನಿ. ನೀವೀಗ ನೋಡ್ತಿರೋದು ಬಟ್ಟೆ ಇಡೋ ಬೀರು. ಎರಡೂ ಬಾಗಿಲು ತೆಗೆದು, ಮೇಲಿಂದ ಅವ್ವ ಕೊಟ್ಟ ಕಂಬಳಿ ಇಳಿಬಿಟ್ರೆ ಇದೇ ನನ್ನ ಸ್ಟುಡಿಯೋ. ಮೈಕ್ ಹಿಂದೆ ಅಂಗಿಗಳು ನೇತಾಡ್ತಿವೆಯಲ್ಲ, ಅವು ಅಲ್ಲೇ ಇರಬೇಕು. ಖಾಲಿ ಗೋಡೆಗೆ ದನಿ ಬಡಿದು ವಾಪಸ್ ಬರುತ್ತೆ, ಬಟ್ಟೆಯಾದ್ರೆ ನುಂಗಿಕೊಳ್ಳುತ್ತೆ. ಮನೆ ಇರೋದು ಬೆಂಗಳೂರಿನ ಮಾಗಡಿ ರೋಡ್ ಪಕ್ಕ, ಹಗಲೆಲ್ಲ ಬಸ್ಸಿನ ಸದ್ದು. ಅದಕ್ಕೇ ನನ್ನ ಹಾಡುಗಳೆಲ್ಲ ಹುಟ್ಟೋದು ಈ ಹೊತ್ತಲ್ಲೇ.

ಬೆಳಗ್ಗೆ ಒಂಬತ್ತಕ್ಕೆ ಗೋಡೌನ್‌ಗೆ ಹೋಗಿ ಪಾರ್ಸೆಲ್ ಲೆಕ್ಕ ಬರೀಬೇಕು. ರ‍್ಯಾಪ್ ಶುರು ಮಾಡಿ ಎಂಟು ವರ್ಷ ಆಯ್ತು. ಹಿಂದೆ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ಬೀಟ್ ಮಾಡಿಕೊಡೋ ಗೆಳೆಯ ಒಬ್ಬ ಇದಾನೆ, ಹೊಡೆದಾಡೋದೂ ಊಟ ಮಾಡೋದೂ ಅವನ ಜೊತೇನೇ.

ಈ ಸಲದ ಬೀಟ್ ಒಂದ್ಸಲ ಕೇಳಿ. ಡ್ರಮ್ ಶುರುವಾಗೋಕೆ ಮುಂಚೆ ಒಂದು ಹಾರನ್ ಬರುತ್ತೆ. ಪೋಂ ಪೋಂ ಅಂತ ಎರಡು, ಸ್ವಲ್ಪ ಬಿಟ್ಟು ಇನ್ನೊಂದು, ಉದ್ದಕ್ಕೆ. ಅದು ನಮ್ಮಪ್ಪನ ಲಾರಿ. ದಾವಣಗೆರೆಯಲ್ಲಿ ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಭಟ್ಟಿ ಹೊಗೆ ವಾಸನೆ ಇವತ್ತಿಗೂ ನನ್ನ ಮೂಗಲ್ಲಿದೆ. ಅಪ್ಪ ಪುಣೆಗೆ ಲೋಡ್ ಹೊಡೀತಿದ್ರು, ಒಂದು ಸಲ ಹೋದ್ರೆ ಎಷ್ಟು ದಿನಕ್ಕೆ ಬರ್ತಾರೋ ಗೊತ್ತಿರ್ತಿರಲಿಲ್ಲ. ಮನೆಗೆ ಬರೋ ರಾತ್ರಿ ಓಣಿ ತಿರುವಲ್ಲಿ ಹೀಗೇ ಬಾರಿಸ್ತಿದ್ರು. ಅವ್ವ ಎದ್ದು ಹೊರಗಿನ ಲೈಟ್ ಹಾಕ್ತಿದ್ಲು. ಹೋದ ಯುಗಾದಿಗೆ ಊರಿಗೆ ಹೋದಾಗ ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದೆ. ಬೇರೆಯವರ ಹಾಡಿನ ತುಣುಕು ತಗೊಂಡ್ರೆ ಅವರ ಒಪ್ಪಿಗೆ ಬೇಕು, ದುಡ್ಡು ಬೇಕು. ಇದಕ್ಕೆ ಅಪ್ಪನ್ನ ಕೇಳಿದ್ರೆ ಸಾಕಾಯ್ತು.

ಬೀಟ್ ಮೇಲೆ ಮೊದಲು ಕೂತ ಸಾಲು ಇವು:

ಅಪ್ಪನ ಲಾರಿಯ ಹಾರನ್ ಮೊಳಗಿತು
ತಪ್ಪದೆ ಓಣಿಯ ದೀಪವು ಬೆಳಗಿತು

ಬರೆದಾದ ಮೇಲೆ ಬೆರಳಲ್ಲಿ ಮಾತ್ರೆ ಎಣಿಸಿದೆ. ಮಾತ್ರೆ ಅಂದ್ರೆ ಅಕ್ಷರ ನುಡಿಯೋಕೆ ಹಿಡಿಯೋ ಹೊತ್ತಿನ ಅಳತೆ, ಲಘುವಿಗೆ ಒಂದು, ಗುರುವಿಗೆ ಎರಡು. ಅಪ್ಪನ, ನಾಲ್ಕು ಮಾತ್ರೆ. ಲಾರಿಯ, ನಾಲ್ಕು. ಹಾರನ್, ನಾಲ್ಕು. ಮೊಳಗಿತು, ನಾಲ್ಕು. ಎರಡನೇ ಸಾಲೂ ಅಷ್ಟೇ, ನಾಲ್ಕು ನಾಲ್ಕರ ನಾಲ್ಕು ಗಣ, ಒಟ್ಟು 16. ಹೈಸ್ಕೂಲಲ್ಲಿ ಪ್ರಶ್ನೆ ಇರ್ತಿತ್ತಲ್ಲ, ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸಿನ ಹೆಸರು ತಿಳಿಸಿ ಅಂತ. ಇದರ ಹೆಸರು ಮಂದಾನಿಲ ರಗಳೆ. ನಮ್ಮ ಕನ್ನಡ ಮೇಷ್ಟ್ರು ಬೋರ್ಡ್ ಮೇಲೆ ಲಘು ಗುರು ಹಾಕ್ತಾ, ಇನ್ನೊಂದು ಕೈಯಲ್ಲಿ ಡಸ್ಟರ್‌ನಿಂದ ಮೇಜು ಕುಟ್ಟಿ ತಾಳ ಹಿಡೀತಿದ್ರು. ಆಗ ನನಗೆ ಅದು ಬರೀ ಮಾರ್ಕಿನ ಲೆಕ್ಕ. ಈಗ ಹಾಡು ಕಟ್ಟೋ ಸಾಫ್ಟ್‌ವೇರ್ ತೆರೆದರೆ ಪರದೆ ಮೇಲೆ ಕಾಣೋದೂ ಅದೇ. ಒಂದು ಬಾರ್, ಅಂದ್ರೆ ತಾಳದ ಒಂದು ಸುತ್ತು, ಅದರಲ್ಲಿ ನಾಲ್ಕು ಪೆಟ್ಟು, ಒಂದೊಂದು ಪೆಟ್ಟಿಗೆ ನಾಲ್ಕು ಮನೆ. ಹದಿನಾರು ಮನೆಗೆ ಹದಿನಾರು ಮಾತ್ರೆ. ಹಂಪಿಯ ಹರಿಹರ ಶರಣರ ಕಥೆಗಳನ್ನ ರಗಳೆಯಲ್ಲಿ ಹೇಳಿದವನು. ಅವನ ಮಂದಾನಿಲದ ಸಾಲು ತಗೊಂಡು 90 ಬಿಪಿಎಂ, ಅಂದ್ರೆ ನಿಮಿಷಕ್ಕೆ 90 ಪೆಟ್ಟಿನ ಬೀಟ್ ಮೇಲೆ ಇಟ್ಟು ನೋಡಿ, ಒಂದಕ್ಷರ ಅಲುಗಾಡಿಸಬೇಕಿಲ್ಲ. ಅಪ್ಪನ, ತಪ್ಪದೆ ಅನ್ನೋ ಎರಡನೇ ಅಕ್ಷರದ ಪ್ರಾಸ ಇದೆಯಲ್ಲ, ಅದು ಹಳಗನ್ನಡ ಕವಿಗಳು ಬಿಡದೆ ಪಾಲಿಸಿದ ನಿಯಮ. ರ‍್ಯಾಪ್‌ನಲ್ಲಿ ಸಾಮಾನ್ಯವಾಗಿ ಪ್ರಾಸ ಸಾಲಿನ ಕೊನೆಯಲ್ಲಿ ಹೊಡೆಯುತ್ತೆ. ನಮಗೆ ತಲೆಬಾಗಿಲಲ್ಲೂ ಒಂದು ಪ್ರಾಸ ಇದೆ. ಕನ್ನಡದಲ್ಲಿ ರ‍್ಯಾಪ್ ಮಾಡೋಕೆ ಆಗಲ್ಲ ಅಂತ ಯಾರಾದ್ರೂ ಅಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ನಾನು ಎಸ್ಸೆಸ್ಸೆಲ್ಸಿ ಓದ್ತಿದ್ದ ವರ್ಷ, 2012ರಲ್ಲಿ, ಬೆಂಗಳೂರಿನ ಬ್ರೋಧಾ ವಿ ಇಂಗ್ಲಿಷ್ ರ‍್ಯಾಪ್ ನಡುವೆ ರಾಮನ ಭಜನೆ ಇಟ್ಟು ಒಂದು ಹಾಡು ಬಿಟ್ರು. ಯಾವ ಸಿನಿಮಾದ್ದೂ ಅಲ್ಲ ಅದು. ಗೆಳೆಯನ ಮೆಮೊರಿ ಕಾರ್ಡಲ್ಲಿ ಕೇಳಿದ್ದೆ. ಸಿನಿಮಾ ಇಲ್ಲದೆ ಹಾಡು ಬರಬಹುದು ಅನ್ನೋದು ನನಗೆ ಗೊತ್ತಾಗಿದ್ದೇ ಅವತ್ತು.

ಈಗ ಹೇಳೋಕೆ ಕಷ್ಟ ಆಗೋ ಮಾತಿಗೆ ಬರ್ತೀನಿ.

2019ರ ಜನವರಿ. ನನಗೆ 22 ವರ್ಷ. ಒಂದು ಕಂಪನಿಯವರು ಕರೆದು, ನಿನ್ನ ಹಾಡು ನಮ್ಮ ಚಾನೆಲ್‌ನಲ್ಲಿ ಬಿಡ್ತೀವಿ, ಹದಿನೈದು ಸಾವಿರ ಕೊಡ್ತೀವಿ ಅಂದ್ರು. ಅಷ್ಟು ದುಡ್ಡು ಒಟ್ಟಿಗೆ ನೋಡಿದವನಲ್ಲ ನಾನು. ಹನ್ನೊಂದು ಪುಟದ ಕಾಗದ, ಎಲ್ಲಾ ಇಂಗ್ಲಿಷ್. ಓದದೇ ಸಹಿ ಹಾಕಿದೆ. ಎರಡು ತಿಂಗಳಾದ ಮೇಲೆ ಅದೇ ಹಾಡಿನ ತುಣುಕನ್ನ ನನ್ನ ಚಾನೆಲ್‌ಗೆ ಹಾಕಿದ್ರೆ ಕಾಪಿರೈಟ್ ಕ್ಲೈಮ್ ಬಂತು. ನನ್ನ ದನಿ, ನನ್ನ ಮಾತು, ನಮ್ಮೂರ ಕಥೆ, ಆದ್ರೆ ಅದು ನಿನ್ನದಲ್ಲ ಅಂತ ಪರದೆ ಮೇಲೆ ಬರೆದಿತ್ತು. ಅವತ್ತು ಕೂತು ಹನ್ನೊಂದೂ ಪುಟ ಓದಿದೆ. ರೆಕಾರ್ಡಿಂಗ್, ಅಂದ್ರೆ ಮಾಸ್ಟರ್, ಹಕ್ಕುಸ್ವಾಮ್ಯದ ಪೂರ್ತಿ ಅವಧಿಗೆ ಅವರದ್ದು ಅಂತಿತ್ತು. ನಮ್ಮ ಕಾನೂನಲ್ಲಿ ರೆಕಾರ್ಡಿಂಗ್ ಹಕ್ಕು 60 ವರ್ಷ. ಆ ಹಾಡು 2079ರ ಕೊನೆವರೆಗೆ ಅವರದ್ದೇ. ಆಗ ನನಗೆ 83.

ಇದನ್ನ ನೋಡ್ತಿರೋ ತಮ್ಮಂದಿರು ತಂಗಿಯರು ಸಹಿ ಹಾಕೋ ಮುಂಚೆ ಅವಧಿ ಅಂತ ಎಲ್ಲಿ ಬರೆದಿದೆ ಹುಡುಕಿ. ಅವಧಿ ಬರೆಯದೇ ಹಕ್ಕು ಬರೆದುಕೊಟ್ಟಿದ್ರೆ ಕಾನೂನು ಅದನ್ನ 5 ವರ್ಷ ಅಂತಲೇ ಲೆಕ್ಕ ಹಿಡಿಯುತ್ತೆ. ನನ್ನ ಕಾಗದದಲ್ಲಿ ಬರೆದಿತ್ತು, ಅದೇ ನನ್ನ ಕೈ ಕಟ್ಟಿಹಾಕ್ತು. ಉಳಿದಿದ್ದು ಒಂದೇ. ಹಕ್ಕುಸ್ವಾಮ್ಯ ಕಾನೂನಿಗೆ 2012ರ ತಿದ್ದುಪಡಿ ಬಂದ ಮೇಲೆ, ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ ಬರೋ ರಾಯಲ್ಟಿ ಪಾಲನ್ನ ಕಂಪನಿ ಬರೆಸಿಕೊಳ್ಳೋ ಹಾಗಿಲ್ಲ. ಅದಕ್ಕೆ ಆ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಸದಸ್ಯ ಆಗಬೇಕು, ಹಾಡನ್ನ ಹೆಸರಿಗೆ ದಾಖಲು ಮಾಡಿಸಬೇಕು. ಮಾಡಿಸಿದೆ. ವರ್ಷಕ್ಕೆ ಬರೋದು ಚೂರು, ಆದ್ರೆ ಬ್ಯಾಂಕ್ ಮೆಸೇಜ್ ಬಂದಾಗ ಆ ಹಾಡಿನ ಜೊತೆ ಒಂದು ಎಳೆ ಇನ್ನೂ ಉಳಿದಿದೆ ಅನ್ಸುತ್ತೆ.

ಅದೇ ಹೊತ್ತಿಗೆ ಒಂದು ಸುದ್ದಿ ಬಂತು. 2019ರ ಮಾರ್ಚ್ 31, ಲಾಸ್ ಏಂಜಲೀಸ್‌ನಲ್ಲಿ ನಿಪ್ಸಿ ಹಸಲ್ ಅನ್ನೋ ರ‍್ಯಾಪರ್‌ನ ಅವನ ಅಂಗಡಿ ಮುಂದೇನೇ ಗುಂಡಿಟ್ಟು ಕೊಂದ್ರು. ವಯಸ್ಸು 33. ಎರಿಟ್ರಿಯಾದಿಂದ ಬಂದ ಅಪ್ಪನ ಮಗ ಅವನು. ದೊಡ್ಡ ಕಂಪನಿಯಿಂದ ಹೊರಗೆ ಬಂದು ಹಾಡು ಬಿಡೋ ಸ್ವಂತ ಕಂಪನಿ ಕಟ್ಟಿದ್ದ. 2013ರಲ್ಲಿ ತನ್ನ ಏರಿಯಾದ ಹೆಸರಿಟ್ಟು ಹಾಡುಗಳ ಕಂತೆ ಒಂದು, ಮಿಕ್ಸ್‌ಟೇಪ್ ಮಾಡಿದ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ, ಆದ್ರೆ ಸಿಡಿ ಬೇಕಂದ್ರೆ ಒಂದಕ್ಕೆ 100 ಡಾಲರ್, ಇರೋದೇ 1000 ಪ್ರತಿ. ಅದರಲ್ಲಿ ನೂರು ಪ್ರತಿ ಅಮೆರಿಕದ ದೊಡ್ಡ ರ‍್ಯಾಪರ್ ಜೇ ಝೀ ಒಬ್ಬರೇ ತಗೊಂಡ್ರು. ಬಂದ ದುಡ್ಡಲ್ಲಿ ಬೇರೆ ಊರಿಗೆ ಓಡಿಹೋಗಲಿಲ್ಲ, ತಾನು ಬೆಳೆದ ಕ್ರೆನ್ಷಾ ಮತ್ತು ಸ್ಲಾಸನ್ ರಸ್ತೆ ಕೂಡೋ ಮೂಲೆಯಲ್ಲೇ ಬಟ್ಟೆ ಅಂಗಡಿ ಹಾಕಿದ. ಆ ರಾತ್ರಿ ಅವನ ಹಳೇ ಸಂದರ್ಶನಗಳನ್ನ ಒಂದಾದ ಮೇಲೊಂದು ನೋಡಿದೆ. ಎಲ್ಲದರಲ್ಲೂ ಒಂದೇ ಮಾತು: ನಿಮ್ಮ ಕೆಲಸ ನಿಮ್ಮ ಹೆಸರಲ್ಲಿರಲಿ. ಕೇಳ್ತಾ ಅಳು ಬಂತು, ನಾನು ಆಗಲೇ ಸಹಿ ಹಾಕಿದ್ನಲ್ಲ.

ಆಮೇಲೆ ಮಾಡಿದ ಹದಿನೇಳು ಹಾಡೂ ನನ್ನ ಹೆಸರಲ್ಲೇ ಇವೆ. ದುಡ್ಡಿನ ವಿಷಯ ಕಾಮೆಂಟಲ್ಲಿ ತುಂಬಾ ಜನ ಕೇಳ್ತೀರ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಂದ್ರೆ 1000 ಸಬ್‌ಸ್ಕ್ರೈಬರ್ ಜೊತೆ ವರ್ಷಕ್ಕೆ 4000 ಗಂಟೆ ನೋಡಿರಬೇಕು. ನನಗೆ ಅದು ದಾಟೋಕೆ ಮೂರು ವರ್ಷ ಹಿಡೀತು. ಹಾಡು ಕೇಳೋ ಆಪ್ ಸ್ಪಾಟಿಫೈನಲ್ಲಿ 2024ರಿಂದ, ಹನ್ನೆರಡು ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ಕಾಸು ಹುಟ್ಟಲ್ಲ. ನನ್ನ ಹದಿನೇಳರಲ್ಲಿ ಐದು ಆ ಗೆರೆ ಕೆಳಗಿವೆ. ಕೇಳಿದವರು ಕೇಳಿದ್ದಾರೆ, ಕಾಸಿಲ್ಲ. ಸಣ್ಣ ಭಾಷೆಯಲ್ಲಿ, ಸಣ್ಣ ಊರ ಮೇಲೆ ಹಾಡೋರಿಗೆ ಇದು ಅನ್ಯಾಯ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಉಳಿದಂತೆ ಕಾಲೇಜ್ ಫೆಸ್ಟ್‌ಗಳು, ಗಣೇಶನ ಪೆಂಡಾಲು, ರಾಜ್ಯೋತ್ಸವ. ನವೆಂಬರ್ ಒಂದೇ ತಿಂಗಳು ಕನ್ನಡ ರ‍್ಯಾಪರ್‌ಗೆ ಪುರುಸೊತ್ತಿರಲ್ಲ.

ಈ ಬೀರು ಮುಂದೆ ನಿಂತಾಗ ನನಗೆ ಯಾವಾಗ್ಲೂ ಇನ್ನೊಂದು ಮನೆ ನೆನಪಾಗುತ್ತೆ. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್. ಸ್ಕೂಲಿಗೆ ಹೊಸ ಬಟ್ಟೆ ತಗೊಳ್ಳೋಕೆ ದುಡ್ಡು ಬೇಕು ಅಂತ ಒಬ್ಬ ಹುಡುಗಿ ಅಪಾರ್ಟ್‌ಮೆಂಟಿನ ಹಾಲಲ್ಲಿ ಟಿಕೆಟ್ ಇಟ್ಟು ಪಾರ್ಟಿ ಮಾಡಿದ್ಲು. ಅಣ್ಣ, ಡಿಜೆ ಕೂಲ್ ಹರ್ಕ್, ಹಾಡಿನ ಪ್ಲೇಟ್ ಹಾಕಿದ. ಹಾಡಿನ ನಡುವೆ ಬರೀ ಡ್ರಮ್ ಇರೋ ಜಾಗಕ್ಕೆ ಜನ ಕುಣೀತಾರೆ ಅಂತ ಅವನಿಗೆ ಗೊತ್ತಿತ್ತು. ಪ್ಲೇಟ್ ತಿರುಗಿಸೋ ಎರಡು ಟರ್ನ್‌ಟೇಬಲ್ ಇಟ್ಟು ಅದೇ ಜಾಗವನ್ನ ಉದ್ದ ಮಾಡ್ತಾ ಹೋಗೋ ಉಪಾಯ ಅವನದ್ದು. ರ‍್ಯಾಪ್ ಬೆಳೆದು ಬಂದ ಹಿಪ್ ಹಾಪ್‌ನ ಹುಟ್ಟುಹಬ್ಬ ಅಂತ ಲೋಕ ಆಚರಿಸೋದು ಅದೇ ದಿನವನ್ನ. ತಂಗಿಯ ಬಟ್ಟೆಗೆ ಅಂತ ಶುರುವಾದದ್ದು ಅದು.

ಸರಿ, ಮೂರೂವರೆ ಆಯ್ತು. ಎಂಟನೇ ಟೇಕ್ ಇಟ್ಕೊಂಡೆ. ಏಳನೇದರಲ್ಲಿ ಉಚ್ಚಾರ ಚೆನ್ನಾಗಿತ್ತು, ಆದ್ರೆ ‘ಬೆಳಗಿತು’ ಅನ್ನುವಾಗ ಎಂಟನೇದರಲ್ಲಿ ಉಸಿರು ಒಂಚೂರು ನಡುಗಿದೆ. ಅದು ಇರಲಿ.

ಬೆಳಗ್ಗೆ ಅಪ್ಪನಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿದೆ. ಮಧ್ಯಾಹ್ನ ಗೋಡೌನಲ್ಲಿ ಊಟಕ್ಕೆ ಕೂತಾಗ ಫೋನ್ ಬಂತು. ಹಾಡು ಹೆಂಗಿದೆ ಅಂತ ಏನೂ ಹೇಳಲಿಲ್ಲ. "ಹಾರನ್ ಇನ್ನೊಂಚೂರು ಜೋರಿಡಪ್ಪ," ಅಂದ್ರು. "ಘಾಟಿನಾಗೆ ಇಷ್ಟು ಸಣ್ಣಕೆ ಬಾರ್ಸಿದ್ರೆ ಯಾರು ಸೈಡ್ ಕೊಡ್ತಾರೆ?"

ರಾತ್ರಿ ಬಂದು ಪ್ರಾಜೆಕ್ಟ್ ಮತ್ತೆ ತೆರೆದೆ. ಹಾರನ್ ಎರಡು ಡೆಸಿಬೆಲ್ ಏರಿಸಿದೀನಿ. ಈಗ ಕೇಳಿ.