ಗ್ಯಾಲಕ್ಸಿ ಒಳಗೆ ನೂಕ್ತಿರೋದು ಯಾರು?

ನಮಸ್ಕಾರ. ಹೋದ ವಿಡಿಯೋಗೆ ಬಂದ ಪ್ರಶ್ನೆ: ನಮ್ಮ ಕ್ಷೀರಪಥ ಇಷ್ಟು ನೀಟಾಗಿ ತಿರುಗ್ತಿದೆಯಲ್ಲ, ಹಳೇ ಗ್ಯಾಲಕ್ಸಿಗಳೂ ಹೀಗೇ ಇದ್ವಾ?

ಬಹಳಷ್ಟು ಗ್ಯಾಲಕ್ಸಿಗಳು ಹೀಗಿರಲಿಲ್ಲ. ಅನಿಲ ಕುಸಿದು ನಕ್ಷತ್ರ ಆಗುತ್ತೆ, ಆ ಅನಿಲ ಕೇಂದ್ರವನ್ನ ಸುತ್ತುತ್ತೆ. ಇಷ್ಟು ಗೊತ್ತಿದ್ರೆ ಸಾಕು, ಮುಂದೆ ಹೋಗೋಣ.

ದೇವಸ್ಥಾನದ ಪ್ರದಕ್ಷಿಣೆ ನೆನಪಿಸಿಕೊಳ್ಳಿ. ಮಾಮೂಲಿ ದಿನ ಎಂಟು ಜನ, ಸಾಲಾಗಿ. ವೈಕುಂಠ ಏಕಾದಶಿಗೆ ಹೋಗಿ: ಎಲ್ಲರೂ ಸುತ್ತೋದು ಒಂದೇ ದಿಕ್ಕಿಗೆ, ಆದ್ರೆ ಹಣ್ಣುಕಾಯಿ ಬಿತ್ತು ಅಂತ ಒಬ್ಬರು ಹಿಂದಕ್ಕೆ, ಮಗು ಹೊತ್ತವರು ಪಕ್ಕಕ್ಕೆ, ಯಾರದೋ ಮೊಣಕೈ ನಿಮ್ಮ ಪಕ್ಕೆಗೆ!

ಗ್ಯಾಲಕ್ಸಿಯ ಅನಿಲವೂ ಹೀಗೇ: ಸುತ್ತೋ ವೇಗ ಬೇರೆ, ನೂಕಾಟದ ವೇಗ ಬೇರೆ. ಇವತ್ತಿನ ದೊಡ್ಡ ಸುರುಳಿ ಗ್ಯಾಲಕ್ಸಿಗಳು ಸುತ್ತೋದು ಸೆಕೆಂಡಿಗೆ ಸುಮಾರು 200 ಕಿಲೋಮೀಟರ್. ಹೊಳೆಯೋ ಹೈಡ್ರೋಜನ್‌ನ ನೂಕಾಟ 20-25. ಸಾವಿರ ಕೋಟಿ ವರ್ಷದ ಹಿಂದೆ ಆ ನೂಕಾಟ 50ರ ಆಸುಪಾಸು.

ಅಳೆದದ್ದು ಹೇಗೆ? ಬಹಳ ದೂರದ ಗ್ಯಾಲಕ್ಸಿಯ ಬೆಳಕು ನಮ್ಮನ್ನ ಮುಟ್ಟೋಕೆ ಅಷ್ಟು ವರ್ಷ ಹಿಡಿಯುತ್ತೆ, ಹಾಗಾಗಿ ನಮಗೆ ಕಾಣೋದು ಅದರ ಹಳೇ ರೂಪ. ಹೈಡ್ರೋಜನ್ 656 ನ್ಯಾನೋಮೀಟರ್‌ನ ಕೆಂಪು ಬೆಳಕು ಬಿಡುತ್ತೆ. ಬೆಳಕನ್ನ ಬಣ್ಣಗಳಾಗಿ ಬಿಡಿಸಿದ್ರೆ ಇದು ಒಂದು ತೆಳು ಗೆರೆಯಾಗಿ ಕಾಣುತ್ತೆ. ಅನಿಲ ಎಲ್ಲಾ ದಿಕ್ಕಿಗೂ ನುಗ್ಗಿದ್ರೆ, ನಮ್ಮ ಕಡೆ ಬರೋದರ ಬಣ್ಣ ಒಂದು ಪಕ್ಕಕ್ಕೆ, ದೂರ ಹೋಗೋದರದ್ದು ಇನ್ನೊಂದು ಪಕ್ಕಕ್ಕೆ ಸರಿದು, ಆ ಗೆರೆ ಅಗಲ ಆಗುತ್ತೆ. ಚಿಲಿಯ ವಿಎಲ್‌ಟಿ ದೂರದರ್ಶಕದಲ್ಲಿರೋ ಕೆಮಾಸ್ ಉಪಕರಣಕ್ಕೆ 24 ಕೈ, ಒಂದೇ ಸಲ 24 ಗ್ಯಾಲಕ್ಸಿ ನೋಡುತ್ತೆ. ರಾವಣನಿಗೇ 20!

ಇಲ್ಲೊಂದು ಮೋಸ ಇದೆ. ದೂರದ ಬೆಟ್ಟದಿಂದ ಮಸುಕು ಕ್ಯಾಮೆರಾದಲ್ಲಿ ಪ್ರದಕ್ಷಿಣೆ ನೋಡಿದ್ರೆ, ಆಚೆ ಹೋಗೋರೂ ಈಚೆ ಬರೋರೂ ಒಂದೇ ಚುಕ್ಕೇಲಿ ಬೆರೆತು, ಶಿಸ್ತಿನ ಸಾಲೂ ನೂಕುನುಗ್ಗಲಾಗಿ ಕಾಣುತ್ತೆ. ಈ ಮಸುಕಿನ ಪಾಲು ಕಳೆದ ಮೇಲೇ ಆ 50 ಉಳಿಯೋದು.

ಮತ್ತೆ, ಯಾರೂ ನೂಕದೇ ಇದ್ರೆ ಈ ಗದ್ದಲ ಕೆಲವೇ ಕೋಟಿ ವರ್ಷದಲ್ಲಿ ಅಡಗಿಬಿಡುತ್ತೆ. ಹಾಗಾದ್ರೆ ನೂಕ್ತಿರೋದು ಯಾರು?

ಸಂಶಯ ಇಬ್ಬರ ಮೇಲೆ. ಒಂದು, ಸಿಡಿಯೋ ನಕ್ಷತ್ರಗಳು. ಹೆಚ್ಚು ಹುಟ್ಟಿದ್ರೆ ಸಿಡಿಯೋವೂ ಹೆಚ್ಚು. ನಕ್ಷತ್ರ ಹೆಚ್ಚು ಹುಟ್ಟೋ ಕಡೆ ನೂಕಾಟವೂ ಹೆಚ್ಚು ಅಂತ 2010ರಲ್ಲೇ ತೋರಿಸಿದ್ರು. ಆದ್ರೆ ಅನಿಲ ಜಾಸ್ತಿ ಇದ್ರೆ ಎರಡೂ ಜಾಸ್ತಿ ಆಗಬಹುದಲ್ವಾ? ಎರಡು, ಗುರುತ್ವ: ಅನಿಲ ಒಳಕ್ಕೆ ಜಾರುವಾಗ ಸಿಗೋ ಶಕ್ತಿಯೇ ಕಲಕುತ್ತೆ. ಜಾರೋಕೆ ಅನಿಲವೂ ಬೇಕಾದಷ್ಟಿತ್ತು: ಆಗಿನ ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಮತ್ತು ಅನಿಲದ ಒಟ್ಟು ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ಅನಿಲವೇ. ನನ್ನ ಓಟು ಗುರುತ್ವಕ್ಕೆ. ಸಿಡಿತ ಒಂದರಿಂದಲೇ 50 ಮುಟ್ಟೋದು ಕಷ್ಟ.

ಟೈಮ್ ಆಯ್ತು, ಕೊನೇದು ಚುಟುಕಾಗಿ: 2020ರಲ್ಲಿ ಆಲ್ಮಾ ದೂರದರ್ಶಕದಿಂದ ಒಂದು ಗ್ಯಾಲಕ್ಸಿ ನೋಡಿದ್ರು, ವಿಶ್ವಕ್ಕೆ ಬರೀ 140 ಕೋಟಿ ವರ್ಷ ಆಗಿದ್ದಾಗಿನದ್ದು. ಅಷ್ಟು ಎಳೇ ವಯಸ್ಸಲ್ಲಿ ನೂಕುನುಗ್ಗಲು ಇನ್ನೂ ಜೋರಿರಬೇಕಿತ್ತು. ಇದು ಮಾತ್ರ, ಮಾಮೂಲಿ ದಿನದ ಸಾಲು!